ನಾಯಿ ಬಂದಾಗ ಮಾತ್ರ ಫೋನ್ ಮಾಡಿ

ಕಂಪ್ಯೂಟರು ಪ್ರಶ್ನೆ ಕೇಳಲು ಶುರುಮಾಡಿದಾಗ ರಾಮಲಿಂಗಂನ ಒಂದು ಕಾಲು ಆಗಲೇ ಚಪ್ಪಲಿಯೊಳಗಿತ್ತು.

ಗಣಪತಿ ಎಂಬ ಬಡಾವಣೆಯ ಆ ಪುಟ್ಟ ಕಾರ್ಖಾನೆಯಲ್ಲಿ ತಯಾರಾಗುವುದು ಹೊಲದ ಪಂಪು ನಡೆಸುವ ಡಬ್ಬಿ. ಡಬ್ಬಿಯೊಳಗೊಂದು ಸಣ್ಣ ಕಂಪ್ಯೂಟರು. ಅದರೊಳಗೆ ನೂರಾರು ಪುಟ್ಟ ಕಮಾಂಡುಗಳನ್ನು ಕಟ್ಟಿಟ್ಟ ಒಂದು ಗಂಟು. ಆ ಗಂಟು ಹಳತಾಯಿತೆಂದು ಯಾರೋ ಓನರ್ ದೇವರಾಜನ್ ಅವರ ಕಿವಿಗೆ ಹಾಕಿದ್ದರು. ‘ಇವತ್ತೇ ಹೊಸದು ಹಾಕು. ಮಧ್ಯಾಹ್ನ ಲಾರಿ ಬರ್ತದೆ, ಡಬ್ಬಿ ಎಲ್ಲಾ ಹೋಗಲೇಬೇಕು’ ಎಂದು ರಾಮಲಿಂಗಂಗೆ ಅವರ ಅಪ್ಪಣೆಯಾಗಿತ್ತು.

ಹೊಸ ಗಂಟು ಕಟ್ಟುವಾಗ ಕಂಪ್ಯೂಟರು ಹಳೆಯ ಉತ್ತರಗಳನ್ನು ಹಾಗೇ ಇಟ್ಟುಕೊಂಡು, ಹೊಸದಾಗಿ ಸೇರಿದ್ದನ್ನು ಮಾತ್ರ ಬೇಕೇ ಬೇಡವೇ ಎಂದು ಕೇಳುತ್ತದೆ. ‘ವೈ’ ಒತ್ತಿದರೆ ಬೇಕು, ‘ಎನ್’ ಒತ್ತಿದರೆ ಬೇಡ. ಯಾವುದು ದೊಡ್ಡಕ್ಷರದಲ್ಲಿದೆಯೋ ಅದು ತಯಾರಿಸಿದವರೇ ಆರಿಸಿಟ್ಟದ್ದು. ಸುಮ್ಮನೆ ಎಂಟರ್ ಒತ್ತಿದರೆ ಅದೇ ಆಗುತ್ತದೆ. ಸ್ವಲ್ಪ ಪ್ರಶ್ನೆ ಇರಬಹುದೆಂದು ರಾಮಲಿಂಗಂ ಎಣಿಸಿದ್ದ. ಆದರೆ ಗಂಟು ಬಿಚ್ಚಿ ವರ್ಷಗಳೇ ಆಗಿದ್ದವು. ಬೆಲ್ಲ ಕಂಡ ಇರುವೆಗಳಂತೆ ಪ್ರಶ್ನೆಗಳು ಸಾಲುಗಟ್ಟಿ ಬಂದವು.

ಅತ್ತ ಸೋಮನೂರಿನ ಮಾರಿಯಮ್ಮನ ಗುಡಿಯಲ್ಲಿ ಅಂದೇ ಅವನ ತಂಗಿ ಜಯಪ್ರಿಯಾಳ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಬೇಕು. ಆ ಭಾಗ್ಯಕ್ಕೆಂದು ರಾಮಲಿಂಗಂ ಎಣ್ಣೆ ಗ್ರೀಸಿನ ಆ ಕಾರ್ಖಾನೆಯ ನಡುವೆ ರೇಷ್ಮೆ ಪಂಚೆ ಉಟ್ಟುಕೊಂಡು, ಗ್ಯಾರೇಜಿಗೆ ಬಂದ ಮದುಮಗನಂತೆ ನಿಂತಿದ್ದ.

ಕೊನೆಗೆ ಸ್ಟೋರ್ಸ್ ನೋಡಿಕೊಳ್ಳುವ ಸುಶೀಲಕ್ಕನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ.

“ಅಕ್ಕಾ, ಎಲ್ಲದಕ್ಕೂ ಎಂಟರ್ ಒತ್ತಿ. ವಾಚ್‌ಡಾಗ್ ಅಂತ ಒಂದು ನಾಯಿ ಬರ್ತದೆ. ಅದಕ್ಕೆ ಮಾತ್ರ ಒತ್ತಬೇಡಿ. ಏನು ಕೇಳ್ತದೆ ಅಂತ ನನಗೆ ಓದಿ ಹೇಳಿ. ನಾಯಿ ಬಂದಾಗ ಮಾತ್ರ ಫೋನ್ ಮಾಡಿ.”

“ಡಬ್ಬಿಗೆ ನಾಯಿ ಏನುಕ್ಕೆ ತಮ್ಮಾ?”

“ಹೊಲದಲ್ಲಿ ಡಬ್ಬಿ ಮಂಕು ಹಿಡಿದು ನಿಂತ್ರೆ ಅದನ್ನ ಎಬ್ಬಿಸೋದೇ ಆ ನಾಯಿ ಅಕ್ಕಾ. ಅದಿಲ್ಲ ಅಂದ್ರೆ ಎಬ್ಬಿಸೋಕೆ ನಾನೇ ಊರೂರು ಓಡಬೇಕು.”

ಅವನು ಸೋಮನೂರು ಮುಟ್ಟಿ ಗುಡಿಯ ಮುಂದೆ ಬೈಕ್ ನಿಲ್ಲಿಸುವುದಕ್ಕೂ ಫೋನ್ ಬಡಿದುಕೊಳ್ಳುವುದಕ್ಕೂ ಸರಿಯಾಯಿತು.

“ನಾಯಿ ಬಂತಾ ಅಕ್ಕಾ?”

“ನಾಯಿ ಇಲ್ಲ ತಮ್ಮಾ, ಮರ ಬಂದಿದೆ. ಟಿ, ಆರ್, ಈ, ಈ. ಮರ ಬೇಕಾ ಅಂತ ಕೇಳ್ತದೆ.”

“ಎಂಟರ್ ಒತ್ತಿ ಅಂದಿದ್ದೆನಲ್ಲಾ!”

“ಓನರ್ ಕೂಡದು ಅಂದ್ರು. ಊರು ಪೇರು ತಿಳೀದವನು ಆರಿಸಿಟ್ಟದ್ದನ್ನ ನಾವ್ಯಾಕೆ ಒಪ್ಪಬೇಕು, ಒಂದೊಂದನ್ನೂ ರಾಮಲಿಂಗನ್ನೇ ಕೇಳು ಅಂದ್ರು.”

ರಾಮಲಿಂಗಂ ಹಣೆ ಒತ್ತಿಕೊಂಡ. “ಸರಿ. ವೈ!”

ಫೋನ್ ಕಟ್ಟಾಯಿತು. ಅವನೇ ತಿರುಗಿ ಮಾಡಿದ.

“ಯಾಕಕ್ಕಾ ಇಟ್ಟುಬಿಟ್ರಿ?”

“ನೀವೇ ತಾನೇ ವೈ ಅಂದ್ರಿ? ಅಷ್ಟು ಜೋರಾಗಿ ಅಂದ್ರಲ್ಲಾ, ಕೋಪ ಬಂದಿದೆ ಅಂತ ತಟ್ಟನೆ ಇಟ್ಟೆ.”

ತಮಿಳಿನಲ್ಲಿ ‘ವೈ’ ಎಂದರೆ ಇಡು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಎಂದು ಬದುಕಿದ ಸುಶೀಲಕ್ಕ ಅದನ್ನು ಫೋನ್ ಇಡು ಎಂದೇ ತಿಳಿದಿದ್ದರು.

“ಇದು ಇಂಗ್ಲಿಷ್ ವೈ ಅಕ್ಕಾ!”

“ಇಂಗ್ಲಿಷಲ್ಲಿ ವೈ ಅಂದ್ರೆ ಯಾಕೆ ಅಂತ ತಾನೇ? ಯಾಕೆ ಅಂತ ನನ್ನ ಕೇಳಿದ್ರೆ? ಓನರನ್ನ ಕೇಳಿ.”

ಅದು ಬರೀ ಅಕ್ಷರ, ಕೀಬೋರ್ಡಿನಲ್ಲಿ ಟಿ ಪಕ್ಕದಲ್ಲಿ ಕೂತಿದೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ರಾಮಲಿಂಗಂನ ರೇಷ್ಮೆ ಪಂಚೆ ಬೆವರಿಗೆ ಒದ್ದೆ ಹಪ್ಪಳವಾಗಿತ್ತು. ಅಲ್ಲಿಂದ ಮುಂದೆ ಸುಶೀಲಕ್ಕನಿಗೆ ದಾರಿ ಸಿಕ್ಕಿತು. ಕೈಕಾಲು ತೊಳೆಯುವಾಗ ಒಂದು ಫೋನ್, ಕರ್ಪೂರ ಹಚ್ಚುವಾಗ ಒಂದು, ತೀರ್ಥಕ್ಕೆ ಕೈಯೊಡ್ಡಿದಾಗ ಇನ್ನೊಂದು.

“ತಮ್ಮಾ, ಈಗ ಸೀಡ್ ಬೇಕಾ ಅಂತಿದೆ. ಬಿತ್ತನೆ ಬೀಜ.”

ಪಕ್ಕದಲ್ಲಿದ್ದ ಶಂಕರಪ್ಪ ಚಿಕ್ಕಪ್ಪನ ಕಿವಿಗೆ ಅದು ಬಿತ್ತು. “ಲೋ, ಗುಡಿಯೊಳಗೆ ನಿಂತು ಬೀಜ ಬೇಡ ಅಂದುಬಿಟ್ಟೀಯ! ಬೇಕು ಅನ್ನು.”

“ಯಾವ ಬೀಜ ಅಂತ ಕೇಳೋ,” ಎಂದರು ತಾಯಿ ಲಕ್ಷ್ಮಿಯಮ್ಮಾಳ್. “ಚೆನ್ನಾಗಿದ್ರೆ ನಮ್ಮ ಹೊಲಕ್ಕೂ ತರಿಸೋಣ.”

“ಅಮ್ಮಾ, ಅದು ಅಂಕಿ ಹುಟ್ಟಿಸೋ ಬೀಜ!”

“ಹುಟ್ಟಲಿ ಬಿಡು. ಆಡಿ ಮಾಸಕ್ಕೆ ಬಿತ್ತೋದಾ, ತೈ ಮಾಸಕ್ಕಾ?”

ಜಯಪ್ರಿಯಾ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಕಣ್ಣು ಮಾರಿಯಮ್ಮನ ಕಣ್ಣಿನಂತೆಯೇ ಇತ್ತು. “ಅಣ್ಣಾ, ಇನ್ನೊಂದು ಸಲ ಫೋನ್ ಎತ್ತಿದ್ರೆ ಮಗೂನ ಗೋಕುಲನ ತೊಡೆ ಮೇಲೆ ಕೂರಿಸ್ತೀನಿ, ನೋಡ್ಕೋ.”

ಗೋಕುಲ್ ಎಂದರೆ ಚಿಕ್ಕಪ್ಪನ ಮಗ. ಅವನೂ ಸೋದರಮಾವನೇ. ಯಾರೂ ಕೇಳದಿದ್ದರೂ ಅವನೂ ಅಂದು ರೇಷ್ಮೆ ಪಂಚೆಯನ್ನೇ ಉಟ್ಟು ಬಂದಿದ್ದ.

ರಾಮಲಿಂಗಂ ಫೋನನ್ನು ಪಂಚೆಯ ಮಡಿಕೆಗೆ ಸಿಕ್ಕಿಸಿ ಚಾಪೆಯ ಮೇಲೆ ಕುಳಿತ. ಮಗು ತೊಡೆಗೆ ಬಂತು. ಅಕ್ಕಸಾಲಿಗ ಕರುಪ್ಪಸಾಮಿ ಆಚಾರಿ ಚಿನ್ನದ ತಂತಿಯನ್ನು ಬೆರಳ ತುದಿಯಲ್ಲಿ ಹಿಡಿದು ಎದುರು ಕುಳಿತರು. ಅವರಿಗೆ ಕಿವಿ ಮಂದ, ಕೈ ಮಾತ್ರ ಚುರುಕು. ಮಾವ ಆಗಲಿ ಎಂದು ಮಾತು ಕೊಟ್ಟ ಮೇಲೆಯೇ ತಂತಿ ತಾಗಿಸುವುದು ಅವರ ಪದ್ಧತಿ. ಪೂಜಾರಿ ಮುಹೂರ್ತ ಹತ್ತಿರವಾಯಿತೆಂದು ಕೈಯಾಡಿಸಿದರು. ಎಲ್ಲವೂ ಮಾರಿಯಮ್ಮನ ದಯೆಯಿಂದ ಸುಸೂತ್ರವಾಗಿತ್ತು.

ಮಡಿಕೆಯೊಳಗೆ ಫೋನ್ ನಡುಗಿತು.

ಎತ್ತಬಾರದೆಂದು ಹಲ್ಲು ಕಚ್ಚಿದ. ನಡುಕ ನಿಲ್ಲಲಿಲ್ಲ. ಇದು ನಾಯಿಯೇ ಇರಬೇಕೆಂದು ಮನಸ್ಸು ಹೇಳಿತು. ಕುಳಿತಲ್ಲಿ ಸಿಗ್ನಲ್ ಸಾಲದು, ಮಾತು ಕೇಳಿಸದು; ಏಳಲೇಬೇಕು.

“ಗೋಕುಲಾ, ಒಂದೇ ನಿಮಿಷ ಹಿಡ್ಕೋ,” ಎಂದು ಮಗುವನ್ನು ದಾಟಿಸಿ ಎದ್ದು ನಿಂತ.

“ತಮ್ಮಾ, ನಾಯಿ ಬಂತು!” ಸುಶೀಲಕ್ಕನ ದನಿಯಲ್ಲಿ ಸಂಭ್ರಮ. “ಬಾಗಿಲನ್ನ ಎರಡು ಸಲ ತೆರೀಬೇಕಾ ಅಂತ ಕೇಳ್ತದೆ. ದೊಡ್ಡಕ್ಷರದಲ್ಲಿ ಬೇಡ ಅಂತ ಇದೆ. ಲಾರಿಯವನು ಹಾರನ್ ಹೊಡೀತಿದಾನೆ.”

ಅದೇ ಪ್ರಶ್ನೆ. ಎರಡು ಸಲ ತೆರೆಯದಿದ್ದರೆ ಇವರ ಡಬ್ಬಿಯಲ್ಲಿ ಆ ನಾಯಿ ಏಳುವುದೇ ಇಲ್ಲ.

ಅಷ್ಟರಲ್ಲಿ ಪೂಜಾರಿ ಸನ್ನೆ ಮಾಡಿದರು. ಆಚಾರಿ ತಲೆಯೆತ್ತಿ, “ವೈಕ್ಕಟ್ಟುಮಾ?” ಇಡಲೇ ಎಂದು ಕೇಳಿದರು. ರಾಮಲಿಂಗಂ ಫೋನಿಗೆ ಬಾಯಿಟ್ಟು ಗುಡಿಯ ಗೋಪುರ ಅದುರುವಂತೆ ಕಿರುಚಿದ:

“ವೈ! ವೈ!”

ಎರಡು ಸಲ ಹೇಳಿದ್ದ. ಎರಡೂ ಕಿವಿ ಮುಗಿಯಿತು. ಮಗು ಅಳಲು ಬಾಯಿ ತೆರೆಯುವ ಮೊದಲೇ ಆಚಾರಿ ತಂತಿ ತಿರುಚಿ ಕೈ ಮುಗಿದಿದ್ದರು. ನಾಗಸ್ವರ, ಡೋಲು ಒಟ್ಟಿಗೆ ಮೊಳಗಿದವು. ಗೋಕುಲನ ಕೊರಳಿಗೆ ಮಾವನ ಹಾರ ಬಿತ್ತು.

“ಆಚಾರಿಯವರೇ, ಏನು ಮಾಡಿಬಿಟ್ರಿ!”

“ನೀವೇ ತಾನೇ ಮಾತು ಕೊಟ್ರಿ?” ಎಂದು ಚಿಕ್ಕಪ್ಪ ಕೊಟ್ಟ ತಾಂಬೂಲವನ್ನು ಆಚಾರಿ ಕಣ್ಣಿಗೊತ್ತಿಕೊಂಡರು.

ಜಯಪ್ರಿಯಾ ಅಣ್ಣನ ಕಡೆ ನೋಡಲೂ ಇಲ್ಲ. ಮಗು ಹೊಸ ಮಾವನ ಹೂವಿನ ಹಾರ ಕಿತ್ತು ತಿನ್ನುತ್ತಾ ಅಳು ಮರೆತಿತ್ತು. ಮೇಳ ನಿಂತಿತು. ಆ ಮೌನದಲ್ಲಿ ಫೋನು ಮತ್ತೆ ಬಡಿಯಿತು.

“ತಮ್ಮಾ, ಇಲ್ಲಿ ಲಾರಿ ಹಾರನ್ನು, ಅಲ್ಲಿ ಮೇಳ, ಆ ಸದ್ದಲ್ಲಿ ನೀವಂದದ್ದು ಒಂದೂ ಕೇಳಿಸ್ಲಿಲ್ಲ. ಓನರ್ ತಲೆ ಮೇಲೇ ನಿಂತಿದಾರೆ. ನಾಯಿಗೆ ಏನು ಒತ್ತಲಿ?”

ರಾಮಲಿಂಗಂ ಗರ್ಭಗುಡಿಯ ಕಡೆ ತಿರುಗಿದ. ತಾಯಿ ಅರಿಶಿನ ಕುಂಕುಮದ ನಡುವೆ ತಣ್ಣಗೆ ನಗುತ್ತಿದ್ದಳು. ಫೋನ್ ಕಿವಿಗೆ ಹಿಡಿದೇ ಅವಳತ್ತ ಒಂದು ಕೈ ಎತ್ತಿದ.

“ಏನ್…” ಎಂದ. ‘ತಾಯೀ ಇದೆಲ್ಲಾ’ ಎಂಬುದು ಹೊರಗೆ ಬರುವ ಮೊದಲೇ ಅತ್ತಲಿಂದ ದನಿ ಬಂತು.

“ಎನ್ ತಾನೇ? ಒತ್ತಿಬಿಟ್ಟೆ! ಅಬ್ಬಾ, ಎಲ್ಲಾ ಮುಗೀತಂತೆ. ಡಬ್ಬಿಗೆ ತುಂಬಿ ಲಾರಿಗೆ ಏರಿಸೋದೊಂದೇ ಬಾಕಿ. ಇನ್ನು ನಾನು ತೊಂದರೆ ಕೊಡಲ್ಲ ತಮ್ಮಾ, ಫೋನ್ ಆಫ್ ಮಾಡ್ತೀನಿ,” ಎಂದರು ಸುಶೀಲಕ್ಕ. “ನೀವು ನೆಮ್ಮದಿಯಾಗಿ ಮಗೂನ ತೊಡೆ ಮೇಲೆ ಕೂರಿಸ್ಕೊಳ್ಳಿ.”