ಮೂಲಧಾತುಗಳೂ ನಮ್ಮ ಊರಿನ ದೊಡ್ಡವರೂ

ಮೂಲಧಾತುಗಳನ್ನು ಕಂಡುಹಿಡಿದು ಸಾಲಾಗಿ ಕೂರಿಸಲು ವಿಜ್ಞಾನಿಗಳು ನೂರಾರು ವರ್ಷ ಒದ್ದಾಡಿದರು. ಆ ಪಾಠವನ್ನು ನಮ್ಮ ಕಡೆಯ ಹೈಸ್ಕೂಲುಗಳಲ್ಲಿ ಮಾಡುವ ನನ್ನಂಥ ಟೀಚರಿಗೆ ಇಂಥದ್ದೊಂದು ಪ್ರಸಂಗ ಎದುರಾಗದೆ ಯಾವ ವರ್ಷವೂ ಮುಗಿಯುವುದಿಲ್ಲ.

ಕುದಿಸಿದ್ದು ಯಾರದ್ದು?

ಕಡಬದ ಕಡೆಯ ಶಾಲೆಯಲ್ಲಿದ್ದಾಗ ರಂಜಕದ ಕಥೆ ಹೇಳಿದೆ. ಜರ್ಮನಿಯವನೊಬ್ಬ ಚಿನ್ನದಾಸೆಗೆ ಮನುಷ್ಯರ ಮೂತ್ರವನ್ನು ಹಂಡೆಗಟ್ಟಲೆ ಕುದಿಸಿದ, ಸಿಕ್ಕಿದ್ದು ಕತ್ತಲಲ್ಲಿ ಹೊಳೆಯುವ ರಂಜಕ. ಮಕ್ಕಳು ಮೂಗು ಮುಚ್ಚಿಕೊಂಡೇ ನಕ್ಕರು.

ಮರುದಿನ ಪೋಷಕರ ಸಂಘದ ಅಧ್ಯಕ್ಷರು ಗೇಟಿನಲ್ಲೇ ಹಿಡಿದರು. ಗೋಮೂತ್ರದ ಮಹಿಮೆಯ ಬಗ್ಗೆ ಊರೂರು ಭಾಷಣ ಮಾಡುವವರು. ಬೈಸಿಕೊಳ್ಳಲು ತಯಾರಾಗಿ ನಿಂತೆ.

"ಟೀಚರ್, ಆ ಕಥೆ ನಿಜವಾ?"

"ನಿಜ."

"ಚಿನ್ನ ಸಿಗಲೇ ಇಲ್ವಾ?"

"ಇಲ್ಲ."

"ಹೇಗೆ ಸಿಗುದು ಮಾರಾಯ್ರೆ, ಮನುಷ್ಯರದ್ದು ಕುದಿಸಿದ್ರೆ? ಜರ್ಮನಿಯಲ್ಲಿ ದನ ಇರ್ಲಿಲ್ವಂತಾ?"

ಎರಡು ಹೆಸರು

ಕಬಕದಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಅಪ್ಪನ ದಿನಸಿ ಅಂಗಡಿ. ಗಲ್ಫಿನಿಂದ ವಾಪಸ್ ಬಂದ ಬ್ಯಾರಿ ಸಾಹೇಬರು. ಸಕ್ಕರೆ ತೂಗುತ್ತಾ ಕೇಳಿದರು, "ಪೊಟ್ಯಾಸಿಯಂಗೆ 'ಪಿ' ಬರೆದದ್ದಕ್ಕೆ ಮಗಳ ಮಾರ್ಕ್ ತೆಗೆದದ್ದು ಎಂತಕ್ಕೆ ಟೀಚರ್?"

"ಅದರ ಲ್ಯಾಟಿನ್ ಹೆಸರು ಕೇಲಿಯಂ. ಹಾಗಾಗಿ ಸಂಕೇತ 'ಕೆ' ಬರೆಯಬೇಕು."

ಸಕ್ಕರೆ ಹಾಕುವ ಕೈ ನಿಂತಿತು.

"ಆಧಾರಲ್ಲಿ ನನ್ನ ಹೆಸರಿಗೆ ಒಂದು 'ಎಚ್' ಜಾಸ್ತಿ ಬಿದ್ದದ್ದಕ್ಕೆ ಪಾಸ್‌ಪೋರ್ಟ್ ತಡ ಆಗಿ ದುಬೈಯ ಕೆಲಸವೇ ಹೋಯ್ತು. ಇವ ಎರಡು ಹೆಸರಲ್ಲಿ ಲೋಕ ಇಡೀ ತಿರುಗ್ತಾನಲ್ಲ, ಇವನಿಗೆ ಪಾಸ್‌ಪೋರ್ಟ್ ಮಾಡಿಸಿಕೊಟ್ಟ ಏಜೆಂಟ್ ಯಾರು?"

ದಾನಿಯ ಸ್ಥಾನ

ಸುಳ್ಯದ ಕಡೆಯ ಶಾಲೆಯಲ್ಲಿ ಲ್ಯಾಬಿನ ಗೋಡೆಗೆ ದೊಡ್ಡ ಆವರ್ತ ಕೋಷ್ಟಕ ಹಾಕಿಸಿಕೊಡಲು ಉದ್ಯಮಿಯೊಬ್ಬರು ಒಪ್ಪಿದರು. ಧಾತುಗಳನ್ನೆಲ್ಲ ಗುಣ ನೋಡಿ ಮನೆ ಮನೆಯಾಗಿ ಕೂರಿಸಿದ ಕೋಷ್ಟಕ ಅದು. ಮೇಲ್ಗಡೆ ನಡುವೆ ಒಂದಿಷ್ಟು ಜಾಗ ಖಾಲಿ ಇರುತ್ತದೆ.

ಮಾದರಿ ನೋಡಿದ ದಾನಿಗಳು, "ಇಷ್ಟು ಒಳ್ಳೆ ಜಾಗ ಸುಮ್ನೆ ಬಿಟ್ಟದ್ದು ಎಂತಕ್ಕೆ?" ಎಂದರು.

"ಅಲ್ಲಿಗೆ ಸೇರುವ ಧಾತು ಯಾವುದೂ ಇಲ್ಲ ಸರ್."

"ಹಾಗಾದ್ರೆ ಒಳ್ಳೆದಾಯ್ತು."

ಫ್ಲೆಕ್ಸ್ ಬಂದಾಗ ಬೆರಿಲಿಯಂಗೂ ಬೋರಾನಿಗೂ ನಡುವೆ ಅವರೇ ಕೈ ಮುಗಿದು ನಗುತ್ತಿದ್ದರು. ಇದನ್ನು ತೆಗೆಸಬೇಕು ಅಂತ ನಾನು ಹಟ ಹಿಡಿದೆ. "ಬರುವ ವರ್ಷ ಬೆಂಚು ಬೇಡವಾ ಟೀಚರ್?" ಎಂದು ಮುಖ್ಯೋಪಾಧ್ಯಾಯರು ನನ್ನ ಬಾಯಿ ಮುಚ್ಚಿಸಿದರು. ತರಗತಿಯಲ್ಲಾದರೂ ಸರಿಯಾದದ್ದನ್ನೇ ಕಲಿಸುತ್ತೇನೆ ಅಂತ ಮಕ್ಕಳಿಗೆ ಆ ಜಾಗದ ಬಗ್ಗೆ ಬಿಡಿಸಿ ಹೇಳಿದೆ.

ಉದ್ಘಾಟನೆಯ ದಿನ ಊರೇ ಸೇರಿತ್ತು. ದಾನಿಗಳು ಮುಂದಿನ ಸಾಲಿನ ಹುಡುಗಿಯನ್ನು ಕರೆದು, ಕೈಗೆ ಮೈಕು ಕೊಟ್ಟು, ಕೋಲಿನಿಂದ ತಮ್ಮ ಫೋಟೋ ತೋರಿಸಿದರು. "ಇಲ್ಲಿ ಎಂತ ಉಂಟು ಹೇಳು ನೋಡುವಾ?"

ಹುಡುಗಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಅಲ್ಲಿ ಎಂತದೂ ಇಲ್ಲ ಸರ್," ಎಂದಳು ಅವಳು, ಗಟ್ಟಿಯಾಗಿ. "ಪರೀಕ್ಷೆಗೂ ಬರುದಿಲ್ಲ."