ಅವ್ವನ ಕಿವಿಗೊಂದು ಓಪನ್ ಬಾಕ್ಸ್

ಇನ್ನೊಂದು ವಾರದಲ್ಲಿ ಈ ಮನೆಯಲ್ಲಿ ಶಾಂತಿ ನೆಲೆಸದಿದ್ದರೆ ತನ್ನ ಹೆಸರು ನಂಜುಂಡನೇ ಅಲ್ಲ ಎಂದು ನಂಜುಂಡ ಘೋಷಿಸಿದ. ಘೋಷಣೆ ಯಾರಿಗೂ ಕೇಳಿಸಲಿಲ್ಲ. ಟೀವಿ ಓಡುತ್ತಿತ್ತು!

ಅವನ ಅವ್ವ ಬೆಟ್ಟಮ್ಮನವರಿಗೆ ಕಿವಿ ಮಂದ. ಸಂಜೆ ಧಾರಾವಾಹಿ ಶುರುವಾಯಿತೆಂದರೆ ಟೀವಿಯ ಸೌಂಡು ತುತ್ತತುದಿ ಮುಟ್ಟಬೇಕು. ಧಾರಾವಾಹಿಯ ಸೊಸೆ ಅತ್ತರೆ ಮಗ್ಗೆ ದಾರಿಯ ಆ ಗುಡ್ಡಕ್ಕೆ ಗುಡ್ಡವೇ ಅಳುತ್ತಿತ್ತು. ಕಣಿವೆಯಾಚೆಯ ಗುಂಡಯ್ಯನವರು ತಮ್ಮ ಜಗುಲಿಯಲ್ಲೇ ಕೂತು ಪೂರ್ತಿ ಕಥೆ ಕೇಳಿಸಿಕೊಂಡು, ಮಾರನೆಯ ದಿನ ಬಂದು, "ಏನ್ ಮಾರಾಯ, ನೆನ್ನೆ ಕೊನೆ ಸೀನಲ್ಲೇ ಆಫ್ ಮಾಡ್ಬುಟ್ರಲ್ಲ!" ಎಂದು ದೂರುತ್ತಿದ್ದರು.

ನಂಜುಂಡನೋ, ಮೊದಲೇ ಕೂತಲ್ಲಿ ಕೂರದ ಜೀವ. ಕಾಫಿ ಕೊಯ್ಲಿನ ಕಾಲ ಬೇರೆ. ದಿನವಿಡೀ ತೋಟ, ಕಣ ಎಂದು ಸುತ್ತಿ ಸುಸ್ತಾಗಿ ಬಂದವನಿಗೆ ಸಂಜೆ ತೆಪ್ಪಗೆ ಪೇಪರ್ ಓದುವ ಭಾಗ್ಯವೂ ಇಲ್ಲವೆಂದರೆ! ಹೊಟ್ಟೆ ಉರಿದು ಸಕಲೇಶಪುರದ ಸೈಬರ್ ಸೆಂಟರಿಗೆ ಹೋದ. ಬರುವಾಗ ಮುಖ ಊರಗಲ ಅರಳಿತ್ತು.

"ಹೆಡ್‌ಫೋನು ಕಣೆ! ತಂತಿ ಟೀವಿಗೆ, ಅದರ ಮೆತ್ತನೆ ಗಾದಿ ಅವ್ವನ ಕಿವಿಗೆ. ಸೌಂಡು ಅವಳಿಗೆ, ಶಾಂತಿ ನಮಗೆ! ಆನ್‌ಲೈನಲ್ಲಿ ಬರೀ ಅರ್ಧ ಬೆಲೆ. ಓಪನ್ ಬಾಕ್ಸ್!"

"ಹಂಗಂದ್ರೆ?" ಹೆಂಡತಿ ಚಂದ್ರಿಕಾ ಕೇಳಿದಳು.

"ಯಾರೋ ತಗೊಂಡು, ಡಬ್ಬಿ ಬಿಚ್ಚಿ ನೋಡಿ, ಬ್ಯಾಡ ಅಂತ ವಾಪಸ್ ಕಳ್ಸಿರ್ತಾರೆ. ಮಾಲು ಹೊಸದೇ."

"ಅವ್ರು ಬ್ಯಾಡ ಅಂದಿದ್ದು ನಮಗ್ಯಾಕ್ರೀ? ಏನೋ ಐಬು ಇರ್ಬೇಕು."

"ಥೂ! ಹೆಣ್ಣು ನೋಡೋಕೆ ಬಂದೋರು ಒಪ್ದೆ ಹೋದ್ರೆ ಹೆಣ್ಣಲ್ಲಿ ಐಬು ಐತೆ ಅಂತಾನಾ?"

ಚಂದ್ರಿಕಾ ಸೌಟನ್ನು ಕೆಳಗಿಟ್ಟಳು. "ನಿಮಗಿಂತ ಮುಂಚೆ ನನ್ನ ನೋಡೋಕೆ ಬಾಳ್ಳುಪೇಟೆಯೋರು ಬಂದು ಹೋಗಿದ್ರು. ನಾನೂ ಓಪನ್ ಬಾಕ್ಸಾ?"

ನಂಜುಂಡ ಕೆಮ್ಮಿದ. ಕೆಮ್ಮು ಬಂದಿರಲಿಲ್ಲ, ಆದರೂ ಕೆಮ್ಮಿದ.

"ಇದು ನೆಟ್ಟಗೆ ಕೆಲ್ಸ ಮಾಡ್ಲಿಲ್ಲಾಂದ್ರೆ," ಚಂದ್ರಿಕಾ ಬೆರಳೆತ್ತಿ ಶಾಸನ ಹೊರಡಿಸಿದಳು, "ಟೀವಿ ಸೌಂಡಿನ ಬಗ್ಗೆ ನೀವು ಈ ಜನ್ಮದಲ್ಲಿ ಉಸಿರೆತ್ತಂಗಿಲ್ಲ. ಒಪ್ಗೆನಾ?"

"ಒಪ್ಗೆ!" ಎಂದ ಮಹಾಶೂರ.

ಅಲ್ಲಿಂದ ಶುರುವಾಯಿತು ಚಡಪಡಿಕೆ. ದಿನಾ ಆಲೂರಿನ ಅಂಚೆ ಕಚೇರಿಗೆ ಹೋಗುವುದು, ಕೈ ಬೀಸಿಕೊಂಡು ಬರುವುದು. ಬಂದವನು ಜಗುಲಿಯಿಂದ ದನದ ಹಟ್ಟಿಗೆ, ಹಟ್ಟಿಯಿಂದ ಕಣಕ್ಕೆ ಶತಪಥ ಹಾಕುವುದು. ಕಣಕ್ಕೆ ಬಂದರೆ ಕೈ ಸುಮ್ಮನಿರದು. ಕಾಫಿ ಎಳೆಯುವ ಮರದ ಗೋರೆ ಹಿಡಿದು, ಹರವಿದ ಕಾಫಿಯನ್ನು ತಿರುವಿದ್ದೇ ತಿರುವಿದ್ದು. ಆ ವರ್ಷ ಅವನ ಕಾಫಿ ಒಣಗಿದ್ದು ಬಿಸಿಲಿಗಲ್ಲ, ಅವನ ತಳಮಳಕ್ಕೆ!

ಕೊನೆಗೂ ಪಾರ್ಸೆಲ್ ಬಂತು. ಕಪ್ಪಗೆ ಮಿರಮಿರ ಮಿಂಚುವ ಹೆಡ್‌ಫೋನು. ಕಿರೀಟಧಾರಣೆ ಮಾಡುವವನ ಠೀವಿಯಲ್ಲಿ ನಂಜುಂಡ ಅದನ್ನು ಅವ್ವನ ತಲೆಗಿಡಲು ಹೋದ. ಕಿವಿ ಮಂದವಾದರೂ ಬೆಟ್ಟಮ್ಮನವರ ಕಣ್ಣು ಚುರುಕು.

"ಲೋ, ಇದೇನೋ?" ಗಾದಿಗೆ ಸುತ್ತಿಕೊಂಡಿದ್ದ ಒಂದು ಉದ್ದನೆಯ ಬಿಳಿ ಕೂದಲನ್ನು ಅವರು ಎಳೆದು ತೆಗೆದರು. "ಯಾವಳ್ದೋ ಇದು? ಬದುಕವ್ಳೋ, ಹೋಗ್ಬುಟ್ಟವ್ಳೋ! ಮುಟ್ಟಾಕಿಲ್ಲ ನಾನು! ತೊಳ್ದು ಬಿಸ್ಲು ಕಾಣಿಸ್ಕೊಂಡು ಬಾ."

"ಅವ್ವ, ಇದು ಕರೆಂಟಿನ ಸಾಮಾನು, ನೀರು ಸೋಕಂಗಿಲ್ಲ!"

"ಆಂ? ಬಿಸ್ನೀರಾ? ಬಿಸ್ನೀರಲ್ಲೇ ತೊಳಿ."

ಮಾರನೆಯ ಬೆಳಗ್ಗೆ ನಂಜುಂಡ ಎರಡು ಗಾದಿಗಳನ್ನು ಬಿಚ್ಚಿ, ಸೀಗೆಪುಡಿ ಹಾಕಿ ಅಭ್ಯಂಜನ ಮಾಡಿಸಿ, ಹಿಂಡಿ, ಮತ್ತೆ ಸಿಕ್ಕಿಸಿದ. ಒಳ್ಳೆ ಬಿಸಿಲೆಂದರೆ ಕಣದಲ್ಲೇ. ಒಣಗಿ ಕರ್ರಗಾಗಿದ್ದ ಕಾಫಿ ಹಣ್ಣಿನ ಮೇಲೆ ಕರ್ರಗಿನ ಹೆಡ್‌ಫೋನನ್ನು ಮಲಗಿಸಿ ಹಟ್ಟಿಗೆ ಹೋದ.

ಕೂತರೆ ತಾನೆ! ಇವತ್ತು ಸಂಜೆ ಶಾಂತಿ, ಇವತ್ತು ಸಂಜೆ ಪೇಪರ್ ಎಂದು ಜಪಿಸುತ್ತಾ ಸುತ್ತಿದ. ಸುತ್ತಿ ಸುತ್ತಿ ಕಣಕ್ಕೇ ಬಂದ. ಅಭ್ಯಾಸಬಲದಿಂದ ಕೈಗೆ ಗೋರೆ ಬಂತು. ಆಕಾಶ ನೋಡುತ್ತಾ, ಹಾಡು ಗುನುಗುತ್ತಾ, ಆ ಕೊನೆಯಿಂದ ಈ ಕೊನೆಗೆ ಎಳೆದು ಗುಡ್ಡೆ ಮಾಡಿದ. ಚೆನ್ನಾಗಿ ಒಣಗಿದೆಯೆಂದು ಆಳುಗಳು ಅದನ್ನು ಮೂಟೆಗೆ ತುಂಬಿ, ಬಾಯಿ ಹೊಲಿದು, ಸ್ಟೋರಿನಲ್ಲಿ ಪೇರಿಸಿ ಮನೆಗೆ ಹೋದರು.

ಸಂಜೆ ಕಣಕ್ಕೆ ಬಂದ ನಂಜುಂಡನ ಜೀವ ಬಾಯಿಗೆ ಬಂತು. ಕಣ ಬೋಳು!

"ಹೆಡ್‌ಫೋನು ಕದ್ದವ್ರೆ ಕಣೆ!"

"ಕಾಫಿ ಎಳೆದಿದ್ದು ಯಾರು?" ಎಂದಳು ಚಂದ್ರಿಕಾ.

"...ನಾನೇ."

"ಹಂಗಾದ್ರೆ ಕಳ್ಳ ಸಿಕ್ಕಿದ. ಮೂಟೆ ಬಿಚ್ಚಿ."

ಮೂಟೆಗಳನ್ನು ಕಣಕ್ಕೆ ಎಳೆದು ತಂದು ಬಿಚ್ಚಿದರು. ಸುರಿದರು. ಕೆದಕಿದರು. ಒಳಗೆ ಟೀವಿ ಅರಚುತ್ತಿತ್ತು, ಹೊರಗೆ ಗಂಡ ಹೆಂಡಿರು ಕಾಫಿಯಲ್ಲಿ ಮೊಣಕಾಲುದ್ದ ಮುಳುಗಿ ಈಜುತ್ತಿದ್ದರು. ಕಡೆಗೆ ಚಂದ್ರಿಕಾಳ ಕೈಗೆ ಇಲಿಬಾಲದಂಥದ್ದೇನೋ ತಗುಲಿ ಅವಳು ಕಿಟಾರನೆ ಕಿರುಚಿದಳು. ಹೆಡ್‌ಫೋನಿನ ತಂತಿ!

"ಎಲ್ಲಾ ಮೂಟೆನೂ ಓಪನ್ ಬಾಕ್ಸ್ ಆಯ್ತು. ನೆಮ್ದಿಯಾಯ್ತಾ?" ಎಂದು ಅವಳು ಮೈ ಕೊಡವಿಕೊಂಡಳು.

ನಂಜುಂಡನಿಗೆ ಅದೆಲ್ಲ ಕೇಳುವ ವ್ಯವಧಾನವಿರಲಿಲ್ಲ. ಓಡಿಹೋಗಿ ತಂತಿಯನ್ನು ಟೀವಿಗೆ ಚುಚ್ಚಿ, ಗಾದಿಯನ್ನು ಅವ್ವನ ಕಿವಿಗೇರಿಸಿದ.

ನಿಶ್ಶಬ್ದ! ಆಹಾ! ಜೀರುಂಡೆಯ ದನಿ ಕೇಳಿಸಿತು. ಹಟ್ಟಿಯಲ್ಲಿ ಹಸು ಮೆಲುಕು ಹಾಕುವುದು ಕೇಳಿಸಿತು. ನಂಜುಂಡನ ಕಣ್ಣಲ್ಲಿ ನೀರೇ ಬಂತು. ಹೆಂಡತಿಯ ಕಡೆ ಒಂದು ವಿಜಯದ ನೋಟ ಬೀರಿ, ಕಾಲು ಚಾಚಿ, ಪೇಪರ್ ಬಿಡಿಸಿದ.

"ಅಯ್ಯಯ್ಯೋ! ಬಂತು ನೋಡೇ ಪೀಡೆ! ಹಿಂದ್ಗಡೆ ಬಂತು! ಓಡೇ! ಓಡೇಏಏ!"

ಪೇಪರ್ ಹರಿದು ಎರಡಾಯಿತು. ಬೆಟ್ಟಮ್ಮನವರು ಧಾರಾವಾಹಿಯ ಸೊಸೆಗೆ ಎಚ್ಚರಿಕೆ ಕೊಡುತ್ತಿದ್ದರು. ಕಿವಿ ಎರಡೂ ಮುಚ್ಚಿದ್ದರಿಂದ ತಮ್ಮ ದನಿ ತಮಗೇ ಕೇಳುತ್ತಿರಲಿಲ್ಲ. ಇಷ್ಟು ದಿನ ಟೀವಿ ಮಾತ್ರ ಕೂಗುತ್ತಿತ್ತು. ಈಗ ಕಥೆ, ವ್ಯಾಖ್ಯಾನ, ಶಾಪ, ಸಾಂತ್ವನ ಎಲ್ಲವೂ ಅವ್ವನ ಕಂಠದಿಂದಲೇ!

"ಅವ್ವ, ಮೆತ್ತಗೆ!"

"ಆಂ? ಎಲ್ಲಾ ಕೇಳ್ತೈತೆ ಕಣೋ! ಶ್ಯಾನೆ ಚೆನ್ನಾಗೈತೆ! ಇನ್ಮ್ಯಾಕೆ ತೆಗೆಯಾಕಿಲ್ಲ!"

ಕಾಲು ಗಂಟೆ ಕಳೆಯುವಷ್ಟರಲ್ಲಿ ಕಣದ ಕಡೆ ಢಂ! ಢಂಢಂ! ಪಟಾಕಿ. ನಂಜುಂಡ ಎದ್ದೆನೋ ಬಿದ್ದೆನೋ ಎಂದು ಓಡಿದ. ಗುಂಡಯ್ಯನವರು ಟಾರ್ಚು, ಕಾಡಾನೆ ಓಡಿಸುವ ಪಟಾಕಿ ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದರು.

"ಎಲ್ಲೈತೆ ಮಾರಾಯ ಆನೆ? ಬೆಟ್ಟಮ್ಮಾರು ಹಿಂದ್ಗಡೆ ಬಂತು ಓಡೇ ಅಂತ ಕೂಗಿದ್ರಲ್ಲ! ನೋಡು, ಕಾಫಿ ಎಲ್ಲ ಚೆಲ್ಲಾಡಿ ಹೋಗ್ಬುಟ್ಟೈತೆ!"

ಕಣದ ತುಂಬ ಸುರಿದ ಕಾಫಿಯನ್ನು ನಂಜುಂಡ ನೋಡಿದ. ಆನೆಯೇ ಬಂದಿತ್ತೆಂದು ಒಪ್ಪಿಕೊಂಡರೇ ಮರ್ಯಾದೆ ಎನಿಸಿತು.

ಒಳಗೆ ಬಂದ. ಅವ್ವ ಈಗ ಧಾರಾವಾಹಿಯ ಸೊಸೆಗೆ ಲಾಯರನ್ನು ಹಿಡಿಯುವ ಸಲಹೆ ಕೊಡುತ್ತಿದ್ದರು, ಊರಿಗೆಲ್ಲ ಕೇಳುವಂತೆ. ನಂಜುಂಡ ಟೀವಿಯ ಹತ್ತಿರ ಹೋಗಿ, ತನ್ನ ಕೈಯಾರೆ ತಂತಿ ಕಿತ್ತ. ಟೀವಿ ಮೊದಲಿನಂತೆಯೇ ಗರ್ಜಿಸಿತು. ಅವನಿಗೆ ಅದು ಜೋಗುಳದ ಹಾಗೆ ಕೇಳಿಸಿತು.

ಚಂದ್ರಿಕಾ ಆಗಲೇ ಡಬ್ಬಿ ತಂದಿದ್ದಳು. ಹೆಡ್‌ಫೋನನ್ನು ಅದರೊಳಗಿಟ್ಟು, ಗಾದಿಗೆ ಹೊಸದಾಗಿ ಅಂಟಿದ್ದ ಅತ್ತೆಯ ಬಿಳಿ ಕೂದಲನ್ನು ತೆಗೆಯಹೋದವಳು, ಏನನ್ನೋ ನೆನೆದು, ಹಾಗೇ ಬಿಟ್ಟು ಮುಚ್ಚಳ ಹಾಕಿದಳು.

"ವಾಪಸ್ ಕಳ್ಸಿ," ಎಂದು ಗಂಡನ ಕಿವಿಯ ಹತ್ತಿರ ಬಂದು ಕೂಗಿದಳು. "ಮೊದ್ಲು ತಗೊಂಡೋರು ಯಾಕೆ ಬ್ಯಾಡ ಅಂದ್ರು ಅಂತ ಈಗ ಗೊತ್ತಾಯ್ತು ಕಣ್ರೀ. ಅವ್ರ ಮನೇಲೂ ಒಬ್ರು ಅತ್ತೆ ಅವ್ರೆ!"