ದೇಯಿಯಜ್ಜಿಯ ಪೀಕದಾನಿ

ಬೋಜನನ್ನು ಹಾಳು ಮಾಡಿದ್ದು ಕ್ಯಾನ್ವಾಸ್ ಬೂಟಿನ ಆಸೆ. ಬಂದರಿನ ಅಂಗಡಿಯ ಯೂಸುಫ್ ಸಾಯ್ಬರು ಹಳೆಯ ಹಿತ್ತಾಳೆ ಕೊಟ್ಟವರಿಗೆ ಹೊಸ ಬೂಟು ಕೊಡುತ್ತಾರೆಂದು ಕೇಳಿದ್ದೇ ತಡ, ಬೆಳಿಗ್ಗೆ ಎದ್ದವನೇ ಅಜ್ಜಿಯ ಪೀಕದಾನಿಯನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ಒಯ್ದು ಕೊಟ್ಟುಬಿಟ್ಟ.

ಬೂಟು ಹಾಕಿಕೊಂಡು ಬೋಳಾರದ ಮನೆಗೆ ಮರಳಿದರೆ ದೇಯಿಯಜ್ಜಿ ಜಗಲಿಯಲ್ಲೇ ಕೂತಿದ್ದಳು. ಬಾಯಿ ತುಂಬ ಎಲೆಯಡಿಕೆ. ಕೆನ್ನೆಗಳು ಕಡುಬಿನ ಹಾಗೆ ಉಬ್ಬಿದ್ದವು. ಮದುವೆಯಲ್ಲಿ ಬಂದ ಆ ಪೀಕದಾನಿ ಬಿಟ್ಟು ಬೇರೆಲ್ಲೂ ಉಗುಳಿದವಳಲ್ಲ ಆಕೆ. "ಉಂ! ಉಂಉಂ!" ಎಂದು ಕೋಲು ಬೀಸಿದಳು.

ಬೇಲಿಯಾಚೆಯ ಹೇಮಾಕ್ಷಿ ಯಾರೂ ಕರೆಯದೆಯೇ ಬಂದು ಅರ್ಥ ಹೇಳಿದಳು. "ಸಂಜೆಯೊಳಗೆ ಪೀಕದಾನಿ ಬರದಿದ್ರೆ ನಿನಗೆ ಈ ಮನೆಯಲ್ಲಿ ಗಂಜಿ ಇಲ್ಲವಂತೆ."

"ಅಷ್ಟೆಲ್ಲ ಎಲ್ಲಿ ಹೇಳಿದ್ರು ಅಕ್ಕ?"

"ಉಂ!" ಎಂದಳು ಅಜ್ಜಿ.

ಬೋಜ ಬಂದರಿಗೆ ಓಡಿದ. ಸಾಯ್ಬರು ತಲೆ ಕೆರೆದುಕೊಂಡರು.

"ಅದು ಹೋಯ್ತು ಮಾರಾಯ. ಹುಳಿ ಹಾಕಿ ತಿಕ್ಕಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟದ್ದೇ, ಬಿಳಿ ದೊರೆಗಳ ಕ್ಲಬ್ಬಿನವರು ಬಂದು ತಕೊಂಡು ಹೋದ್ರು. ಇವತ್ತು ಮೈದಾನದಲ್ಲಿ ಓಟದ ಪಂದ್ಯ ಉಂಟಲ್ಲ, ಗೆದ್ದವನಿಗೆ ಅದೇ ಕಪ್ ಅಂತೆ."

"ಅದು ಎಲೆಯಡಿಕೆ ಜಗಿದು ತುಪ್ಪುವ ಪಾತ್ರೆ ಅಂತ ಹೇಳ್ಲಿಲ್ವಾ?"

"ಅವರು ಕೇಳ್ಬೇಕಲ್ಲ!"

ಮೈದಾನದಲ್ಲಿ ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ, ಕುತ್ತಿಗೆಗೆ ರಿಬ್ಬನ್ ಕಟ್ಟಿಸಿಕೊಂಡು ಪೀಕದಾನಿ ಮದುಮಗಳಂತೆ ಕೂತಿತ್ತು. ಸಣ್ಣವನಿದ್ದಾಗ ಬೋಜ ಬೀಳಿಸಿ ಮಾಡಿದ ತಗ್ಗು ಅಂಚಿನಲ್ಲಿ ಹಾಗೆಯೇ ಇತ್ತು. ಕೇಳಿದರೆ ಯಾರೂ ಕೊಡರು, ಕದ್ದರೆ ಜೈಲು. ಬೋಜ ಹೋಗಿ ಓಟಕ್ಕೆ ಹೆಸರು ಕೊಟ್ಟ.

ಪಿಸ್ತೂಲು ಢಂ ಎಂದಿತು. ಹೊಸ ಬೂಟು ಕಚ್ಚತೊಡಗಿತು. ಎಲ್ಲರೂ ಮುಂದೆ, ಬೋಜನೊಬ್ಬನೇ ಹಿಂದೆ. ಕಂಬಳದ ಗದ್ದೆಯಲ್ಲಿ ಕೋಣಗಳ ಹಿಂದೆ ಓಡಿದ ಕಾಲಿಗೆ ಇದೆಂಥ ಸಂಕೋಲೆ ಎಂದು ಎರಡನ್ನೂ ಕಿತ್ತೆಸೆದ. ಆಮೇಲೆ ನೋಡಬೇಕಿತ್ತು ಅವನ ಓಟ! ಅಜ್ಜಿಯ ಕೋಲು ಬೆನ್ನಿಗೇ ಬಂತೋ ಎಂಬಂತೆ ಓಡಿ, ಮುಂಡು ಎತ್ತಿ ಕಟ್ಟಿದ ಬೋಜ ಚಡ್ಡಿ ತೊಟ್ಟ ವೀರರನ್ನೆಲ್ಲ ಹಿಂದೆ ಹಾಕಿ ದಾರ ಹರಿದ.

ಕ್ಲಬ್ಬಿನ ದೊರೆ ಕೈಕುಲುಕಿ ಕಪ್ ಕೊಟ್ಟ. ಬ್ಯಾಂಡು ಮೊಳಗಿತು. ಎಸೆದ ಬೂಟು ಅಷ್ಟರಲ್ಲಿ ಯಾರ ಕಾಲಿಗೋ ಹೋಗಿತ್ತು. ಹೋಗಲಿ, ಬೋಜನನ್ನು ನೆಲದ ಮೇಲೆ ನಡೆಯಲು ಬಿಟ್ಟವರು ಯಾರು? ಹೆಗಲ ಮೇಲೆ ಹೊತ್ತು ಬೋಳಾರದವರೆಗೂ ಮೆರವಣಿಗೆ ಮಾಡಿದರು. ಸಾಯ್ಬರೇ ಮುಂದೆ ನಿಂತು ಜೈಕಾರ ಹಾಕಿಸಿದರು. ಬೋಜನಿಗೆ ಹುಟ್ಟಿದ ಮೇಲೆ ಅಷ್ಟು ಸಂತೋಷ ಆದದ್ದಿಲ್ಲ.

"ತಕೊಳ್ಳಿ ಅಜ್ಜಿ, ನಿಮ್ಮ ಪೀಕದಾನಿ. ತುಪ್ಪಿ!"

ಅಜ್ಜಿ ಕಪ್ಪನ್ನು ನೋಡಿದಳು, ರಿಬ್ಬನ್ ಸವರಿದಳು. ದಡದಡನೆ ಅಂಗಳಕ್ಕಿಳಿದು, ಜೀವಮಾನದಲ್ಲಿ ಮೊದಲ ಬಾರಿಗೆ ತೆಂಗಿನ ಬುಡಕ್ಕೆ ಉಗುಳಿದಳು. ಬಾಯಿ ತೊಳೆದು ಬಂದವಳು ಕಪ್ಪನ್ನು ದೇವರ ದೀಪದ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದಳು.

"ಅಜ್ಜಿ, ಅದು ನಿಮ್ಮದೇ! ಆ ತಗ್ಗು ನೋಡಿ."

"ಗೊತ್ತುಂಟು ನನಗೆ. ದೊರೆ ಕೈಯಿಂದ ಬಂದದ್ದಕ್ಕೆ ಯಾರಾದ್ರೂ ತುಪ್ತಾರಾ ಮಗಾ? ನನಗೆ ಬೇರೆ ಪೀಕದಾನಿ ತಾ. ಇಲ್ಲದಿದ್ರೆ ಗಂಜಿ ಇಲ್ಲ."

ಹೇಮಾಕ್ಷಿ ಹೇಳಿದ ಅರ್ಥ ಸರಿಯಾಗಿಯೇ ಇತ್ತು.

ಬೋಜ ಸಾಯ್ಬರ ಮುಖ ನೋಡಿದ.

"ಇನ್ನೊಂದು ಇತ್ತು ಮಾರಾಯ," ಎಂದರು ಅವರು. "ಅದನ್ನೂ ಕ್ಲಬ್ಬಿನವರೇ ತಕೊಂಡು ಹೋದ್ರು. ಬರುವ ಶನಿವಾರ ಸೈಕಲ್ ಪಂದ್ಯ ಉಂಟಂತೆ."

ಬೋಜನಿಗೆ ಸೈಕಲ್ ಬರುತ್ತಿರಲಿಲ್ಲ.